ಬಟ್ಟೆಯ ಹಿಂಬದಿ: ಕ್ಯಾಪ್ಟನ್ ಸ್ಟ್ಯಾಂಡಿಶ್‌ನ ಊರುಗಳಲ್ಲಿ ಮೂರು ದಿನ

ಅವ್ವ ಧಾರವಾಡದಿಂದ ಬಂದು ಎರಡು ತಿಂಗಳಾಗಿತ್ತು. ಬಾಸ್ಟನ್ನಿನ ಹೊರವಲಯದ ನಮ್ಮ ಮನೆಯ ಕಿಟಕಿಯಿಂದ ಕಾಣುವುದು ಒಂದೇ ಮೇಪಲ್ ಮರ. ಅದು ದಿನಕ್ಕೊಂದು ಕೊಂಬೆ ಕೆಂಪಾಗುವುದನ್ನು ನೋಡಿ ನೋಡಿ ಬೇಸತ್ತು, "ಈ ನಾಡಿನಲ್ಲಿ ಹಳೆಯದು ಎನ್ನುವಂಥದ್ದು ಏನಾದರೂ ಇದೆಯೇ?" ಎಂದು ಕೇಳಿದಳು. ಐಹೊಳೆ, ಬಾದಾಮಿಗಳನ್ನು ಊರ ಸಂತೆಗೆ ಹೋದಷ್ಟೇ ಸಲೀಸಾಗಿ ಸುತ್ತಿ ಬಂದವಳಿಗೆ ನಾನೂರು ವರ್ಷವೆಂದರೆ ಮೊನ್ನೆ ಮೊನ್ನೆಯ ಮಾತು. ಪ್ಲಿಮತ್ತಿನ ಹೆಸರು ಹೇಳಿದೆ, ಮುಖ ಅರಳಲಿಲ್ಲ. ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ 1650ರ ದಶಕದಲ್ಲಿ ಒಬ್ಬ ಹುಡುಗಿ ಹಾಕಿದ ಕಸೂತಿ ಇದೆ ಎಂದೆ. ಅವ್ವ ಎದ್ದು ಚೀಲ ತುಂಬತೊಡಗಿದಳು. ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಮ್ಮಗಳಿಗೆಂದು ಅರ್ಧ ಹಾಕಿದ್ದ ಕಸೂತಿಯ ತುಂಡು.

ಆ ಹುಡುಗಿಯ ಹೆಸರು ಲೋರಾ. ತಂದೆ ಮೈಲ್ಸ್ ಸ್ಟ್ಯಾಂಡಿಶ್, 1620ರಲ್ಲಿ ಇಂಗ್ಲೆಂಡಿನಿಂದ ಮೇಫ್ಲವರ್ ಹಡಗಿನಲ್ಲಿ ಬಂದವರು ಕಟ್ಟಿದ ಪ್ಲಿಮತ್ ವಸಾಹತಿನ ದಂಡಿನ ಕ್ಯಾಪ್ಟನ್. ಹೀಗೆ ಮಗಳ ಸೂಜಿದಾರದ ನೆಪದಲ್ಲಿ ನಾವು ಅಪ್ಪನ ಬೆನ್ನು ಹತ್ತಿ ಹೊರಟೆವು.

ಮೊದಲ ದಿನ: ಪ್ಲಿಮತ್

ದಕ್ಷಿಣಕ್ಕೆ ಒಂದು ಗಂಟೆಯ ಹಾದಿ. ಅಕ್ಟೋಬರ್ ಎರಡನೆಯ ವಾರದ ರಜೆಗೆ ಎಲ್ಲರೂ ಅತ್ತಲೇ ಹೊರಟಿದ್ದರಿಂದ ನಮಗೆ ಎರಡಾಯಿತು. ಬೆಳಿಗ್ಗೆ ಏಳಕ್ಕೆ ಮುಂಚೆ ಮನೆ ಬಿಡದಿದ್ದರೆ ಈ ರಸ್ತೆಯಲ್ಲಿ ಬ್ರೇಕಿನ ಕೆಂಪು ದೀಪಗಳೇ ಎಲೆಗಳಿಗಿಂತ ಹೆಚ್ಚು ಕಾಣುತ್ತವೆ.

ಎಲ್ಲರೂ ಮೊದಲು ನೋಡುವುದು, ಹಡಗಿನವರು ಮೊದಲು ಕಾಲಿಟ್ಟರೆಂದು ಹೇಳುವ ಆ ಪ್ರಸಿದ್ಧ ಬಂಡೆಯನ್ನು. ಕಡಲಂಚಿನಲ್ಲಿ ಗ್ರಾನೈಟ್ ಕಂಬಗಳ ಭವ್ಯ ಮಂಟಪ. ಒಳಗೆ ಬಗ್ಗಿ ನೋಡಿದರೆ ಕೆಳಗಿನ ಮರಳಿನಲ್ಲಿ 1620 ಎಂದು ಕೆತ್ತಿದ ಒಂದು ಕಲ್ಲು. ಅವ್ವ ಕಟಾಂಜನ ಹಿಡಿದು ಇಣುಕಿ, "ಉಳಿದದ್ದೆಲ್ಲಿ?" ಎಂದಳು. ಪಕ್ಕದಲ್ಲಿದ್ದ ಅಮೆರಿಕದ ಅಜ್ಜಿ ಭಾಷೆ ತಿಳಿಯದೆಯೂ ನಕ್ಕರು. ಬಹುಶಃ ಅವರ ಬಾಯಲ್ಲೂ ಅದೇ ಪ್ರಶ್ನೆ ಇತ್ತು.

ರಸ್ತೆ ದಾಟಿ ಮೆಟ್ಟಿಲು ಹತ್ತಿದರೆ ಕೋಲ್ಸ್ ಹಿಲ್. ಮೇಫ್ಲವರ್ ಹಡಗಿನಲ್ಲಿ ಬಂದ 102 ಪ್ರಯಾಣಿಕರಲ್ಲಿ ಸುಮಾರು ಅರ್ಧದಷ್ಟು ಮಂದಿ ಮೊದಲ ಚಳಿಗಾಲ ದಾಟಲಿಲ್ಲ. ಅವರನ್ನು ಹೂಳಿದ್ದು ಈ ದಿಬ್ಬದಲ್ಲಿ ಎನ್ನುತ್ತಾರೆ. ಸ್ಟ್ಯಾಂಡಿಶ್‌ನ ಹೆಂಡತಿ ರೋಸ್ 1621ರ ಜನವರಿ 29ರಂದು ತೀರಿಕೊಂಡಳು. ಹೆಂಡತಿಯನ್ನು ಕಳೆದುಕೊಂಡ ಆ ಸೈನಿಕ, ಮಲಗಿದವರಿಗೆ ಸೌದೆ ತಂದು, ಬೆಂಕಿ ಹಾಕಿ, ಗಂಜಿ ಬೇಯಿಸಿ, ಹೊಲಸು ಬಟ್ಟೆ ಒಗೆದ ಆರೇಳು ಮಂದಿಯಲ್ಲಿ ಒಬ್ಬ. ಗವರ್ನರ್ ಬ್ರಾಡ್‌ಫರ್ಡ್ ತನಗೂ ಆತ ಶುಶ್ರೂಷೆ ಮಾಡಿದನೆಂದು ಬರೆದಿಟ್ಟಿದ್ದಾನೆ. ಬಂದೂಕು ಬಲ್ಲವನೆಂದು ಕರೆತಂದವನು ಆ ಚಳಿಗಾಲದಲ್ಲಿ ಮಾಡಿದ್ದು ದಾದಿಯ ಕೆಲಸ. ಫೆಬ್ರುವರಿಯಲ್ಲಿ ಊರವರು ಸಭೆ ಸೇರಿ ಅವನನ್ನು ಕ್ಯಾಪ್ಟನ್ ಎಂದು ಆರಿಸಿದರು.

ದಿಬ್ಬದ ಮೇಲೆ ಕಡಲಿಗೆ ಮುಖ ಮಾಡಿ ನಿಂತಿರುವುದು ಮಾತ್ರ ಇಲ್ಲಿನ ಮೂಲನಿವಾಸಿಗಳಾದ ವಾಂಪನೋಗ್ ಜನರ ನಾಯಕ ಮ್ಯಾಸಸಾಯಿಟ್‌ನ ಕಂಚಿನ ಪ್ರತಿಮೆ. ಪ್ರತಿ ಥ್ಯಾಂಕ್ಸ್‌ಗಿವಿಂಗ್ ದಿನ ಊರೆಲ್ಲ ಹಬ್ಬದೂಟಕ್ಕೆ ಕುಳಿತಿರುವಾಗ ಮೂಲನಿವಾಸಿಗಳು ಇಲ್ಲಿ ಸೇರಿ ಶೋಕ ಆಚರಿಸುತ್ತಾರೆ, 1970ರಿಂದ. ಅದನ್ನು ಹೇಳುವ ಫಲಕವೂ ಇದೆ. ಅವ್ವನಿಗೆ ಅನುವಾದಿಸಿ ಹೇಳಿದೆ. ಅವಳು ಚಪ್ಪಲಿ ಕಳಚಿ ಸ್ವಲ್ಪ ಹೊತ್ತು ನಿಂತಳು. ಯಾರಿಗಾಗಿ ಎಂದು ನಾನು ಕೇಳಲಿಲ್ಲ.

ಮಧ್ಯಾಹ್ನದ ಊಟದ ಕಥೆ ಬೇಗ ಮುಗಿಯುತ್ತದೆ. ಕಡಲ ಹೋಟೆಲುಗಳಲ್ಲಿ ಸಸ್ಯಾಹಾರಿಗೆ ಸಿಕ್ಕಿದ್ದು ಹುರಿದ ಆಲೂಗಡ್ಡೆ ಮತ್ತು ಗೋವಿನಜೋಳದ ಸಿಹಿ ಬ್ರೆಡ್ಡು. ಬೇಯಿಸಿದ ಬೀನ್ಸ್ ಕಾಳು ಇತ್ತು, ಆದರೆ ಅದರಲ್ಲಿ ಹಂದಿಯ ಕೊಬ್ಬು ಹಾಕುವ ವಾಡಿಕೆ ಇರುವುದರಿಂದ ಕೇಳಿಯೇ ತಿನ್ನಬೇಕು. ಕಟ್ಟೆಯ ಮೇಲೆ ಕುಳಿತು ರೊಟ್ಟಿ ಬಿಚ್ಚಿದೆವು. ಮೊದಲ ತುಂಡನ್ನು ಒಂದು ಕಡಲಹಕ್ಕಿ ನನ್ನ ಗಂಡನ ಕೈಯಿಂದಲೇ ಎಗರಿಸಿತು.

ಊರ ಹಿಂದಿನ ಬರಿಯಲ್ ಹಿಲ್ ಹತ್ತುವಾಗ ಮೋಡ ಕವಿದಿತ್ತು. ರೆಕ್ಕೆ ಬಿಚ್ಚಿದ ತಲೆಬುರುಡೆಗಳನ್ನು ಕೆತ್ತಿದ ಹಳೆಯ ಗೋರಿಕಲ್ಲುಗಳು ಒಂದೊಂದೂ ಒಂದೊಂದು ಕಡೆಗೆ ವಾಲಿ ನಿಂತಿವೆ. ಇಲ್ಲಿ 1622ರಲ್ಲಿ ಮರದ ಕೋಟೆ ಕಟ್ಟಿದರು. ಮೇಲಿನ ಸಪಾಟು ಛಾವಣಿಯಲ್ಲಿ ತೋಪುಗಳು, ಕೆಳಗೆ ಪ್ರಾರ್ಥನೆಯ ಸ್ಥಳ. 1627ರಲ್ಲಿ ಬಂದಿದ್ದ ಡಚ್ ಅಧಿಕಾರಿಯೊಬ್ಬ ಭಾನುವಾರದ ನೋಟ ಬರೆದಿದ್ದಾನೆ. ಡೋಲು ಬಡಿದೊಡನೆ ಎಲ್ಲರೂ ಕ್ಯಾಪ್ಟನ್ನನ ಮನೆಬಾಗಿಲಲ್ಲಿ ಬಂದೂಕು ಹಿಡಿದು ಸೇರುತ್ತಿದ್ದರು, ಮೂವರು ಮೂವರಾಗಿ ಗುಡ್ಡ ಹತ್ತುತ್ತಿದ್ದರು. ಹಿಂದೆ ನಿಲುವಂಗಿ ತೊಟ್ಟ ಗವರ್ನರ್, ಅವನ ಬಲಕ್ಕೆ ಬೋಧಕ, ಎಡಕ್ಕೆ ಕೈಯಲ್ಲಿ ಸಣ್ಣ ಬೆತ್ತ ಹಿಡಿದ ಕ್ಯಾಪ್ಟನ್.

ಆ ಕೋಟೆಯ ಮೇಲೆ 1623ರಲ್ಲಿ ಒಂದು ತಲೆ ಇತ್ತು. ವಿಟುವಾಮಾಟ್ ಎಂಬ ಮೂಲನಿವಾಸಿ ವೀರನದು. ತಂದವನು ಸ್ಟ್ಯಾಂಡಿಶ್. ಅದೇ ವರ್ಷ ಬ್ರಾಡ್‌ಫರ್ಡನ ಮದುವೆಗೆ ಮ್ಯಾಸಸಾಯಿಟ್ ಪರಿವಾರದೊಡನೆ ಅತಿಥಿಯಾಗಿ ಬಂದಾಗ ಕೋಟೆಯ ಮೇಲೆ ಬಾವುಟದ ಜಾಗದಲ್ಲಿ ಹಾರಾಡುತ್ತಿದ್ದುದು ಅದೇ ಮನುಷ್ಯನ ರಕ್ತದಲ್ಲಿ ಅದ್ದಿದ ನಾರುಬಟ್ಟೆ. ಮದುವೆಯೂಟಕ್ಕೆ ಬಂದವರೊಬ್ಬರು ತಮ್ಮವರಿಗೆ ಬರೆದ ಪತ್ರದಲ್ಲಿ ಇದನ್ನು ಜಿಂಕೆಮಾಂಸದ ಸುದ್ದಿಯ ಪಕ್ಕದಲ್ಲೇ ಹೇಳಿಬಿಟ್ಟಿದ್ದಾರೆ.

ಮಳೆ ಶುರುವಾಯಿತು. ಪಿಲ್‌ಗ್ರಿಮ್ ಹಾಲ್ ಸಂಗ್ರಹಾಲಯಕ್ಕೆ ಓಡಿದೆವು. ಬಾಗಿಲು ಮುಚ್ಚಲು ಒಂದು ಗಂಟೆಯಷ್ಟೇ ಉಳಿದಿತ್ತು. 1824ರಲ್ಲಿ ತೆರೆದ ಕಟ್ಟಡ, ಒಳಗೆ ಮಂದ ಬೆಳಕು. ಸ್ಟ್ಯಾಂಡಿಶ್‌ನದೆಂದು ಹೇಳುವ ಕತ್ತಿಯ ಮುಂದೆ ಹುಡುಗರು ಮುತ್ತಿದ್ದರು. ಅವ್ವ ಅದನ್ನು ತಿರುಗಿಯೂ ನೋಡದೆ ಗಾಜಿನೊಳಗಿನ ಉದ್ದನೆಯ, ಕಿರಿದಾದ ಬಟ್ಟೆಯ ಮುಂದೆ ನಿಂತಳು.

ಲೋರಾಳ ಕಸೂತಿ. ಅಮೆರಿಕದಲ್ಲಿ ಹಾಕಿದ್ದರಲ್ಲಿ ಗುರುತು ಸಿಕ್ಕಿರುವ ಅತ್ಯಂತ ಹಳೆಯದು. ಪಟ್ಟಿಯ ಕೆಳಗೆ ಪಟ್ಟಿಯಾಗಿ ಬಳ್ಳಿ, ಹೂವು, ಗೆರೆಗಳು. ಕೊನೆಗೆ ಅಕ್ಷರ. ನನ್ನ ಹೆಸರು ಲೋರಾ ಸ್ಟ್ಯಾಂಡಿಶ್, ದೇವರೇ ನಿನ್ನ ಇಚ್ಛೆಯಂತೆ ನಡೆಯಲು ನನ್ನ ಹೃದಯಕ್ಕೆ ದಾರಿ ತೋರು, ಕೈಗಳಿಗೆ ತಕ್ಕ ಕುಶಲತೆ ತುಂಬು ಎಂದು ಹುಡುಗಿ ಬೇಡಿಕೊಂಡಿದ್ದಾಳೆ. ಅವ್ವ ಕನ್ನಡಕ ಏರಿಸಿ, ತುಟಿಯಲ್ಲೇ ಎಳೆ ಎಣಿಸತೊಡಗಿದಳು. "ಇದು ನಮ್ಮ ಗವಂತಿಯ ಹಾಗೆಯೇ ಕಾಣುತ್ತದೆ. ಇಲ್ಲಿ ನೋಡು, ಇದು ಮೆಂಥಿಯ ಜಾತಿಯದು." ಆ ಕಾಲದ ಇಂಗ್ಲೆಂಡಿನಲ್ಲೂ, ಒಮ್ಮೆ ಹೋಗಿ ಬಿಟ್ಟ ಜಾಗವನ್ನು ಹಿಂತಿರುಗುವಾಗ ತುಂಬಿಕೊಂಡು ಬರುವ ಹೊಲಿಗೆಯನ್ನು ಹುಡುಗಿಯರಿಗೆ ಕಲಿಸುತ್ತಿದ್ದರು. ನಮ್ಮ ಗವಂತಿಯೂ ಅದೇ. ಗಂಟು ಹಾಕುವಂತಿಲ್ಲ, ಮುಂಬದಿ ಹಿಂಬದಿ ಒಂದೇ ತೆರನಾಗಿರಬೇಕು.

ಅಲ್ಲಿದ್ದ ಸಿಬ್ಬಂದಿಯ ಮಹಿಳೆ ಹತ್ತಿರ ಬಂದು, ನಿಮ್ಮ ತಾಯಿಗೆ ಹೇಗನ್ನಿಸಿತು ಎಂದು ಕೇಳಿದರು. ಅವ್ವನ ಉತ್ತರವನ್ನು ಅನುವಾದಿಸಲು ನನಗೆ ಸಂಕೋಚವಾಯಿತು. "ಮುಂಬದಿ ಎಲ್ಲರೂ ಚೆನ್ನಾಗಿಯೇ ಹಾಕುತ್ತಾರೆ. ಹಿಂಬದಿ ತೋರಿಸಿದರೆ ಹೇಳುತ್ತೇನೆ." ಅವರು ಜೋರಾಗಿ ನಕ್ಕು, ಅದೊಂದು ಮಾತ್ರ ನನ್ನ ಕೈಯಲ್ಲಿಲ್ಲ ಎಂದರು.

ಎರಡನೆಯ ದಿನ: ಕೆಸರು, ಕೆಂಪು ಹಸು, ಕೆಂಪು ಹಣ್ಣು

ರಾತ್ರಿಯಿಡೀ ಸುರಿದ ಮಳೆ ಬೆಳಿಗ್ಗೆ ಜಿನುಗಾಗಿತ್ತು. ಊರ ದಕ್ಷಿಣಕ್ಕೆ ಪ್ಲಿಮತ್ ಪಟಕ್ಸೆಟ್ ಎಂಬ ಬಯಲು ವಸ್ತುಸಂಗ್ರಹಾಲಯವಿದೆ. 1627ರ ಹಳ್ಳಿಯನ್ನು ಮರುಕಟ್ಟಿ, ಅಂದಿನವರಂತೆಯೇ ಉಟ್ಟು ಮಾತಾಡುವ ಕಲಾವಿದರನ್ನು ಇರಿಸಿದ್ದಾರೆ. ಮಳೆಗಾಲದ ಹಳ್ಳಿಯ ಕೆಸರನ್ನೂ ಅಷ್ಟೇ ಪ್ರಾಮಾಣಿಕವಾಗಿ ಮರುಸೃಷ್ಟಿಸಿದ್ದಾರೆ ಎನ್ನಬೇಕು. ಅವ್ವನ ಎಡಗಾಲಿನ ಚಪ್ಪಲಿ ಇಳಿಜಾರಿನಲ್ಲಿ ಹೂತುಹೋಗಿ, ಎಳೆದಾಗ ಉಂಗುಷ್ಠ ಕಿತ್ತು ಬಂತು. ಅಲ್ಲಿಂದ ಮುಂದೆ ನನ್ನ ಬೂಟು ಅವಳ ಕಾಲಲ್ಲಿ, ಗಂಡನ ಬೂಟು ನನ್ನ ಕಾಲಲ್ಲಿ, ಅವನ ಕಾಲಲ್ಲಿ ಬರೀ ಕಾಲುಚೀಲ. ಒಂದು ಜೊತೆ ಹೆಚ್ಚಿನ ಬೂಟು ಕಾರಿನಲ್ಲಿದ್ದರೆ ದಾಂಪತ್ಯಕ್ಕೆ ಒಳ್ಳೆಯದು.

ಹೊಗೆ ತುಂಬಿದ ಒಂದು ಗುಡಿಸಲಿನಲ್ಲಿ ಗೋವಿನಜೋಳದ ಅಂಬಲಿ ಕುದಿಸುತ್ತಿದ್ದ ಹೆಂಗಸಿನ ಎದುರು ಅವ್ವ ಕುಕ್ಕುರುಗಾಲಿನಲ್ಲಿ ಕುಳಿತುಬಿಟ್ಟಳು. ಕ್ಯಾಪ್ಟನ್ನನ ಹೆಂಡತಿ ಹೇಗೆ ಎಂದು ಕೇಳಿಸಿದಳು. ಆಕೆ ಪಾತ್ರ ಬಿಡದೆ, ನೆರೆಮನೆಯ ಸುದ್ದಿ ಹೇಳುವ ದನಿಯಲ್ಲೇ, ಎರಡನೆಯ ಹೆಂಡತಿ ಬಾರ್ಬರಾ 1623ರಲ್ಲಿ ಆನ್ ಹಡಗಿನಲ್ಲಿ ಬಂದದ್ದು, ಈಗ ಚಾರ್ಲ್ಸ್, ಅಲೆಕ್ಸಾಂಡರ್, ಜಾನ್ ಎಂಬ ಮೂವರು ಗಂಡುಮಕ್ಕಳಿರುವುದು ಎಲ್ಲ ಹೇಳಿದಳು. (ಒಟ್ಟು ಏಳು ಮಕ್ಕಳಾದವು. ಮೊದಲ ಚಾರ್ಲ್ಸ್ ಎಳೆಯದರಲ್ಲೇ ಹೋದದ್ದರಿಂದ ಕೊನೆಯವನಿಗೆ ಮತ್ತೆ ಅದೇ ಹೆಸರು.) ಬಳಿಕ ಮಾತು ಹಸುವಿನ ಮೇಲೆ ಹೊರಳಿತು. ಆ ವರ್ಷ ವಸಾಹತಿನ ದನಗಳನ್ನು ಹಂಚಿದರು. ಹದಿಮೂರು ಜನರಿಗೊಂದು ಪಾಲಿನಂತೆ ಹನ್ನೆರಡು ಪಾಲು. ಸ್ಟ್ಯಾಂಡಿಶ್‌ನ ಗುಂಪಿಗೆ ಬಂದದ್ದು ಊರ ಬಡವರಿಗೆ ಸೇರಿದ ಕೆಂಪು ಹಸು ಮತ್ತು ಎರಡು ಮೇಕೆ. ಕ್ಯಾಪ್ಟನ್ ಆಮೇಲೆ ಅದೇ ಗುಂಪಿನ ಎಡ್ವರ್ಡ್ ವಿನ್ಸ್‌ಲೋ ಬಳಿ ಇದ್ದ ಆ ಹಸುವಿನ ಆರು ಪಾಲುಗಳನ್ನು ಕೊಂಡುಕೊಂಡ.

"ಒಂದು ಹಸುವಿನಲ್ಲಿ ಆರು ಪಾಲು ಕೊಂಡನೇ!" ಅವ್ವನಿಗೆ ಈ ಮನುಷ್ಯ ಅರ್ಥವಾದದ್ದು ಆ ಕ್ಷಣದಲ್ಲಿ ಎಂದು ನನ್ನ ಅನುಮಾನ. ಕತ್ತಿ, ತೋಪು, ತಲೆ ಯಾವುದೂ ಮಾಡದ ಕೆಲಸವನ್ನು ಕೆಂಪು ಹಸು ಮಾಡಿತು.

ಕೆಳಗೆ ಹೊಳೆಯ ದಡದಲ್ಲಿ ಮೂಲನಿವಾಸಿಗಳ ಬೀಡು. ಅಲ್ಲಿರುವವರು ಪಾತ್ರಧಾರಿಗಳಲ್ಲ, ಇಂದಿನವರಾಗಿಯೇ ಇಂದಿನ ಮಾತಾಡುತ್ತಾರೆ. ಮರದ ದಿಮ್ಮಿಯೊಳಗೆ ಬೆಂಕಿ ಹಾಕಿ, ಸುಟ್ಟದ್ದನ್ನು ಕೆರೆದು ದೋಣಿ ಮಾಡುತ್ತಿದ್ದ ಯುವಕನೊಬ್ಬ ಎಷ್ಟು ದಿನ ಹಿಡಿಯುತ್ತದೆ, ಬೆಂಕಿಯನ್ನು ಅಂಚಿಗೆ ಹೋಗದಂತೆ ಹೇಗೆ ತಡೆಯಬೇಕು ಎಂದೆಲ್ಲ ವಿವರಿಸಿದ. ನಾನು ಬಾಯಿತಪ್ಪಿ ಸ್ಟ್ಯಾಂಡಿಶ್‌ನ ಬಗ್ಗೆ ಕೇಳಿದೆ. ಅವನು ಕೆರೆಯುವುದನ್ನು ನಿಲ್ಲಿಸಲಿಲ್ಲ. "ಅವನ ವಿಷಯ ಬೇಕಿದ್ದರೆ ಗುಡ್ಡದ ಮೇಲೆ ಬೇಕಾದಷ್ಟಿದೆ. ಇಲ್ಲಿ ನಮ್ಮ ವಿಷಯ ಕೇಳಿ." ಸರಿಯಾಗಿಯೇ ಹೇಳಿದ. ಪಟಕ್ಸೆಟ್ ಎಂಬುದು ಇಲ್ಲಿದ್ದ ಹಳ್ಳಿಯ ಹೆಸರು. ಯುರೋಪಿನವರಿಂದ ಬಂದ ರೋಗ 1616 ಮತ್ತು 1619ರ ನಡುವೆ ಅದನ್ನು ಖಾಲಿ ಮಾಡಿತು. ಮೇಫ್ಲವರ್‌ನವರಿಗೆ ಸಿಕ್ಕಿದ್ದು ಉತ್ತು ಹಸನು ಮಾಡಿದ್ದ, ಒಡೆಯರಿಲ್ಲದ ಹೊಲ.

ಮಧ್ಯಾಹ್ನದ ಮೇಲೆ ಕಾರ್ವರ್ ಕಡೆಗೆ ಹೊರಟೆವು. ಹಾದಿಯಲ್ಲಿ ಇವನದೇ ಹೆಸರಿನ ಸರ್ಕಾರಿ ಅರಣ್ಯ, ಕುಳ್ಳನೆಯ ಪೈನ್ ಮರಗಳು, ನಡುನಡುವೆ ಕೊಳ. ಕ್ಯಾಪ್ಟನ್ನನೂ ಕುಳ್ಳ. ಅವನಿಂದ 1628ರಲ್ಲಿ ಬಂಧನಕ್ಕೊಳಗಾದ ಥಾಮಸ್ ಮಾರ್ಟನ್ ಆಮೇಲೆ ಅವನಿಗೆ ಕ್ಯಾಪ್ಟನ್ ಸೀಗಡಿ ಎಂದು ಹೆಸರಿಟ್ಟು ಸೇಡು ತೀರಿಸಿಕೊಂಡ. ಕಾಡು ಮುಗಿದದ್ದೇ ಕ್ರ್ಯಾನ್‌ಬೆರಿ ಗದ್ದೆಗಳು. ಕೊಯ್ಲಿಗೆ ಗದ್ದೆಗೆ ನೀರು ಬಿಡುತ್ತಾರೆ, ಗಿಡದಿಂದ ಬಿಡಿಸಿದ ಹಣ್ಣು ತೇಲುತ್ತದೆ. ಬೂದು ಆಕಾಶದ ಕೆಳಗೆ ಕುಂಕುಮ ಚೆಲ್ಲಿದ ಕೆರೆಯಂತೆ ಅದು ಕಂಡಾಗ ಗಂಡ ತಾನಾಗಿಯೇ ಕಾರು ನಿಲ್ಲಿಸಿದ. ರಸ್ತೆ ಬದಿಯ ಮಾರುಕಟ್ಟೆಯಲ್ಲಿ ಕೊಂಡ ಹಸಿ ಹಣ್ಣನ್ನು ಕಚ್ಚಿ ಅವ್ವ ಒಂದು ಕಣ್ಣು ಮುಚ್ಚಿದಳು. "ಥೇಟ್ ಕವಳೆಕಾಯಿ." ಎರಡು ಚೀಲ ಕೊಂಡಳು. ಈಗ ನಮ್ಮ ಫ್ರಿಜ್ಜಿನಲ್ಲಿ ಅದರ ಉಪ್ಪಿನಕಾಯಿ ಇದೆ. ಮೊಸರನ್ನಕ್ಕೆ ಕವಳೆಯದಕ್ಕಿಂತ ಒಂದು ಗುಲಗಂಜಿ ಮೇಲು, ಇದನ್ನು ಅವ್ವನ ಮುಂದೆ ಹೇಳುವುದಿಲ್ಲ.

ಮೂರನೆಯ ದಿನ: ಡಕ್ಸ್‌ಬರಿ, ವೇಮತ್

ಡಕ್ಸ್‌ಬರಿ ಪ್ಲಿಮತ್ತಿನಿಂದ ಉತ್ತರಕ್ಕೆ ಅರ್ಧ ಗಂಟೆ. ಕೊಲ್ಲಿಯಲ್ಲಿ ಸಿಂಪಿ ಸಾಕುವ, ಹಡಗಿನ ನಾಯಕರ ಬಿಳಿ ಮನೆಗಳಿರುವ, ಸ್ವಲ್ಪ ಸ್ಥಿತಿವಂತರ ಊರು. ಭೂಮಿ ಹಂಚಿಕೆಯಾದಾಗ ಸ್ಟ್ಯಾಂಡಿಶ್‌ಗೆ ಇಲ್ಲಿ ಕಡಲಂಚಿನ 120 ಎಕರೆ ಬಂತು. ಊರು ಅಧಿಕೃತವಾಗಿ ಸ್ಥಾಪನೆಯಾದದ್ದು 1637ರಲ್ಲಿ. ಇಲ್ಲಿ ಸ್ಟ್ಯಾಂಡಿಶ್ ಹೆಸರಿನ ರಸ್ತೆ, ದಡ, ಗುಡ್ಡ ಎಲ್ಲವೂ ಇರುವುದರಿಂದ ಮೊಬೈಲಿನ ನಕ್ಷೆ ನಮ್ಮನ್ನು ಯಾರದೋ ಮನೆಯಂಗಳದೊಳಗೆ ನುಗ್ಗಿಸಿತು. ಎಲೆ ಗುಡಿಸುತ್ತಿದ್ದ ಹಿರಿಯರೊಬ್ಬರು ಬೈಯದೆ, "ಗುಡ್ಡಕ್ಕೋ ಗೋರಿಗೋ?" ಎಂದು ಕೇಳಿದರು. ದಾರಿ ತಪ್ಪಿದವರಲ್ಲಿ ನಾವು ಮೊದಲಿಗರಲ್ಲ.

ಮೊದಲು ಗುಡ್ಡ. ಕ್ಯಾಪ್ಟನ್ಸ್ ಹಿಲ್ ಮೇಲೆ 116 ಅಡಿ ಎತ್ತರದ ಗ್ರಾನೈಟ್ ಗೋಪುರ, ಅದರ ತುದಿಯಲ್ಲಿ ಕಡಲು ನೋಡುತ್ತ ನಿಂತ ಸ್ಟ್ಯಾಂಡಿಶ್. 1872ರಲ್ಲಿ ಶುರುವಾದದ್ದು 1898ರಲ್ಲಿ ಮುಗಿಯಿತು. ಸೀಗಡಿ ಎನಿಸಿಕೊಂಡವನಿಗೆ ಇಷ್ಟೆತ್ತರ! 1922ರಲ್ಲಿ ಸಿಡಿಲು ಬಡಿದು ಪ್ರತಿಮೆಯ ತಲೆ ಹಾರಿಹೋಯಿತು, ಆಮೇಲೆ ಹೊಸದನ್ನು ಕೂರಿಸಿದರು. ಒಳಗೆ ತುದಿಯವರೆಗೆ ಮೆಟ್ಟಿಲುಗಳಿವೆ, ಆದರೆ ಬಾಗಿಲಿಗೆ ಬೀಗ. ಬೇಸಿಗೆಯಲ್ಲಿ ಮಾತ್ರ ತೆರೆಯುತ್ತಾರೆ ಎಂಬುದನ್ನು ಮೊದಲೇ ನೋಡಿಕೊಳ್ಳದ್ದು ನನ್ನದೇ ತಪ್ಪು. ಬುಡದಿಂದಲೇ ಕೊಲ್ಲಿ ಕಾಣುತ್ತದೆ. ಗಾಳಿ ಮಾತ್ರ ಅವ್ವನ ಇಳಕಲ್ ಸೀರೆಯ ಸೆರಗನ್ನು ಬಾವುಟ ಮಾಡಿ ಹಾರಿಸಿತು. ನನಗೆ ಆ ಹೋಲಿಕೆ ಹೊಳೆಯಬಾರದಿತ್ತು.

ಅವ್ವನಿಗೆ ಕಾರಿನಲ್ಲಿ ಒಂದು ಪ್ರೇಮಕಥೆ ಹೇಳಿದೆ. ಲಾಂಗ್‌ಫೆಲೋ 1858ರಲ್ಲಿ ಬರೆದ ಕಥನಕವನದ ಪ್ರಕಾರ, ವಿಧುರ ಸ್ಟ್ಯಾಂಡಿಶ್ ಪ್ರಿಸಿಲ್ಲಾಳನ್ನು ಕೇಳಲು ಗೆಳೆಯ ಜಾನ್ ಆಲ್ಡನ್‌ನನ್ನು ಕಳಿಸುತ್ತಾನೆ, ಅವಳು ಕೇಳಲು ಬಂದವನನ್ನೇ ವರಿಸುತ್ತಾಳೆ. ಅಮೆರಿಕದ ಜನ ಕ್ಯಾಪ್ಟನ್ನನನ್ನು ಬಲ್ಲದ್ದು ಬಹುಮಟ್ಟಿಗೆ ಈ ಕಟ್ಟುಕಥೆಯಿಂದಲೇ. ಕವಿ ಸ್ವತಃ ಆಲ್ಡನ್ ವಂಶದವನು, ಹೆಣ್ಣು ಯಾರ ಕಡೆಗೆ ಒಲಿದಳೆಂಬುದರಲ್ಲಿ ಆಶ್ಚರ್ಯವಿಲ್ಲ. ನಿಜವಾಗಿ ನಡೆದದ್ದು ಇನ್ನೂ ಸೊಗಸು: ಎರಡೂ ಮನೆಗಳು ಡಕ್ಸ್‌ಬರಿಯಲ್ಲಿ ನೆರೆಯಾದವು, ಸ್ಟ್ಯಾಂಡಿಶ್‌ನ ಮಗ ಅಲೆಕ್ಸಾಂಡರ್ ಆಲ್ಡನ್‌ರ ಮಗಳು ಸಾರಾಳನ್ನು ಮದುವೆಯಾದ. "ಬೀಗರಾದರು ಅನ್ನು, ಕಥೆ ಮುಗಿಯಿತು," ಎಂದಳು ಅವ್ವ.

ಹಳೆಯ ಸ್ಮಶಾನ ಚೆಸ್ಟ್‌ನಟ್ ಬೀದಿಯಲ್ಲಿದೆ. ಓಕ್ ಎಲೆಗಳ ಒದ್ದೆ ಹಾಸು, ನಮ್ಮನ್ನು ಬಿಟ್ಟರೆ ನರಪಿಳ್ಳೆಯಿಲ್ಲ. ಸ್ಟ್ಯಾಂಡಿಶ್ ಮಲಗಿರುವಲ್ಲಿ ಕೋಟೆಗೋಡೆಯಂಥ ಕಲ್ಲಿನ ಆವರಣ, ನಾಲ್ಕು ಮೂಲೆಗೆ ನಾಲ್ಕು ತೋಪು. ಸತ್ತ ಮೇಲೆ ಈ ಮನುಷ್ಯನಿಗೆ ನೆಮ್ಮದಿ ಇರಲಿಲ್ಲ. ಇವನೇ ಹೌದೋ ಅಲ್ಲವೋ ಎಂದು 1889, 1891 ಮತ್ತು 1930ರಲ್ಲಿ ಮೂರು ಬಾರಿ ಅಗೆದರು. ಕೊನೆಗೆ ತಾಮ್ರದ ಪೆಟ್ಟಿಗೆಯಲ್ಲಿಟ್ಟು ಕಾಂಕ್ರೀಟು ಸುರಿದರು.

ಅವನು ತೀರಿಕೊಂಡದ್ದು 1656ರ ಅಕ್ಟೋಬರ್ 3, ಅಂದಿನ ಇಂಗ್ಲಿಷ್ ಪಂಚಾಂಗದಲ್ಲಿ. ಇಂದಿನ ಲೆಕ್ಕಕ್ಕೆ ಹತ್ತು ದಿನ ಕೂಡಿಸಿದರೆ 13. ನಾವು ಅಲ್ಲಿ ನಿಂತದ್ದೂ ಹದಿಮೂರನೆಯ ತಾರೀಕಿನಂದು. ಹೇಳಿದೊಡನೆ ಅವ್ವ, "ಮೊದಲೇ ಹೇಳಿದ್ದರೆ ಒಂದು ವಡೆಯಾದರೂ ಮಾಡಿಕೊಂಡು ಬರುತ್ತಿದ್ದೆ," ಎಂದಳು. ತಮಾಷೆಗೆ ಹೇಳಿದಳೋ ಇಲ್ಲವೋ ಮುಖ ನೋಡಿದರೆ ಗೊತ್ತಾಗಲಿಲ್ಲ.

ಆವರಣದ ಕಲ್ಲಿಗೊರಗಿ ಅವನ ಉಯಿಲಿನ ಸಾರ ಓದಿ ಹೇಳಿದೆ. ಮೊದಲ ಆಸೆ: ಡಕ್ಸ್‌ಬರಿಯಲ್ಲಿ ಸತ್ತರೆ ತನ್ನ ಪ್ರೀತಿಯ ಮಗಳು ಲೋರಾ ಮತ್ತು ಸೊಸೆ ಮೇರಿಯ ಹತ್ತಿರ ಹೂಳಬೇಕು. ಕಸೂತಿಯ ಹುಡುಗಿ ಅಪ್ಪನಿಗಿಂತ ಮೊದಲೇ ಹೋಗಿದ್ದಳು. ಕೊನೆಯಲ್ಲಿ ಹಿರಿಯ ಮಗ ಅಲೆಕ್ಸಾಂಡರ್‌ಗೆ ಒಂದು ವಿಚಿತ್ರ ಆಸ್ತಿ: ಇಂಗ್ಲೆಂಡಿನ ಲ್ಯಾಂಕಾಶೈರಿನ ಆರ್ಮ್‌ಸ್ಕರ್ಕ್, ಬರ್ಸ್ಕೋ, ಕ್ರೋಸ್ಟನ್ ಮುಂತಾದ ಊರುಗಳಲ್ಲಿ ಮತ್ತು ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ತನಗೆ ನ್ಯಾಯವಾಗಿ ಬರಬೇಕಿದ್ದ, ಆದರೆ ಮೋಸದಿಂದ ತಡೆಹಿಡಿದ ಭೂಮಿ. ಮುತ್ತಜ್ಜ ಸ್ಟ್ಯಾಂಡಿಶ್ ಮನೆತನದ ಕಿರಿಯ ಸೋದರನೆಂಬ ವಂಶಾವಳಿಯೂ ಜೊತೆಗೆ. ಅವ್ವ ಬಿದ್ದು ಬಿದ್ದು ನಕ್ಕಳು. ನವಲಗುಂದದ ಹದಿನೆಂಟು ಎಕರೆಗಾಗಿ ನನ್ನ ಅಜ್ಜ ಸಾಯುವ ತನಕ ಹಳೆಯ ಪತ್ರಗಳ ಕಟ್ಟನ್ನು ತಲೆದಿಂಬಿನ ಕೆಳಗಿಟ್ಟುಕೊಂಡಿದ್ದ. ಅಲೆಕ್ಸಾಂಡರನಿಗೂ ನಮ್ಮ ಸೋದರಮಾವಂದಿರಿಗೂ ಸಿಕ್ಕಿದ್ದು ಒಂದೇ, ಕಟ್ಟು.

ಅವನು ಬಿಟ್ಟುಹೋದ ಸೊತ್ತಿನ ಪಟ್ಟಿಯ ಮೌಲ್ಯ 358 ಪೌಂಡು 7 ಶಿಲ್ಲಿಂಗು. ಅದರಲ್ಲಿ ಬಂದೂಕು, ದನ, ಪಾತ್ರೆಗಳ ನಡುವೆ ಸೀಸರನ ಯುದ್ಧವೃತ್ತಾಂತ ಮತ್ತು ಹೋಮರನ ಇಲಿಯಡ್ ಕೂಡ ಇವೆ. ಮನೆಯವರ ಪಟ್ಟಿಯಲ್ಲಿ ಬಾರದ ಒಬ್ಬನಿದ್ದಾನೆ. ಹಾಬಮಾಕ್ ಎಂಬ ವಾಂಪನೋಗ್ ವೀರ ವರ್ಷಗಟ್ಟಲೆ ದುಭಾಷಿಯಾಗಿ, ದಾರಿತೋರುಗನಾಗಿ ಸ್ಟ್ಯಾಂಡಿಶ್‌ನ ಜೊತೆಗಿದ್ದ. ಡಕ್ಸ್‌ಬರಿಯಲ್ಲೂ ಅವನ ಮನೆಯವರೊಂದಿಗೇ ಬಾಳಿದ.

ವೇಮತ್ ಮುಟ್ಟುವಾಗ ಸಂಜೆ. ಮನೆಗೆ ಹೋಗುವ ದಾರಿಯಲ್ಲೇ ಇದ್ದರೂ ಯಾತ್ರಿಕರು ನಿಲ್ಲುವ ಊರಲ್ಲ. ವೆಸಗಸೆಟ್ ಎಂಬ ಸಣ್ಣ ಕಡಲತೀರ, ಮಳೆ ಮತ್ತೆ ಹಿಡಿದಿತ್ತು, ದೂರದಲ್ಲಿ ಬಾಸ್ಟನ್ನಿಗೆ ಇಳಿಯುವ ವಿಮಾನಗಳ ದೀಪ. ನಾಯಿ ಕರೆತಂದಿದ್ದ ಹೆಂಗಸೊಬ್ಬರು, ಈ ಹವೆಯಲ್ಲಿ ಇಲ್ಲಿ ಏನು ನೋಡಲು ಬಂದಿರಿ ಎಂದು ಕೇಳಿದರು. 1623 ಎಂದೆ. ಅವರು ತಲೆಯಾಡಿಸಿ ನಾಯಿಯನ್ನು ಎಳೆದುಕೊಂಡು ನಡೆದರು.

ಇಲ್ಲಿ ಇನ್ನೊಂದು ಇಂಗ್ಲಿಷ್ ನೆಲೆಯಿತ್ತು. ಹಸಿವಿನಿಂದ ಕಂಗೆಟ್ಟು ಮೂಲನಿವಾಸಿಗಳ ಧಾನ್ಯ ಕದಿಯುತ್ತಿದ್ದವರ ನೆಲೆ. ಅವರ ಮೇಲೂ ಪ್ಲಿಮತ್ತಿನ ಮೇಲೂ ದಾಳಿಯ ಸಂಚು ನಡೆದಿದೆ ಎಂಬ ಸುದ್ದಿ ಹಿಡಿದು ಸ್ಟ್ಯಾಂಡಿಶ್ ಕೆಲವೇ ಜನರೊಡನೆ ಬಂದ. ಹಾಬಮಾಕ್ ಜೊತೆಗಿದ್ದ. ಪೆಕ್ಸುವಾಟ್ ಎಂಬ ವೀರ ಅವನನ್ನು ನೋಡಿ, ದೊಡ್ಡ ಕ್ಯಾಪ್ಟನ್ ಇರಬಹುದು, ಆದರೆ ಆಳು ಕುಳ್ಳ ಎಂದು ಹಂಗಿಸಿದ. ಮರುದಿನ ಒಂದು ಕೋಣೆಯಲ್ಲಿ ಪೆಕ್ಸುವಾಟ್, ವಿಟುವಾಮಾಟ್ ಮತ್ತಿಬ್ಬರು ಇರುವಾಗ ಬಾಗಿಲು ಹಾಕಿಸಿ, ಪೆಕ್ಸುವಾಟ್‌ನ ಕೊರಳಲ್ಲಿದ್ದ ಅವನದೇ ಚಾಕುವನ್ನು ಕಿತ್ತು ಅವನನ್ನು ಇರಿದ. ವಿಟುವಾಮಾಟ್‌ನ ಹದಿನೆಂಟು ವರ್ಷದ ತಮ್ಮನನ್ನು ಗಲ್ಲಿಗೇರಿಸಿದರು. ಸುದ್ದಿ ಹಾಲೆಂಡಿನ ಲೈಡನ್ನಿನಲ್ಲಿದ್ದ ಅವರದೇ ಗುರು ಜಾನ್ ರಾಬಿನ್‌ಸನ್‌ಗೆ ಮುಟ್ಟಿದಾಗ ಅವನು ಬೇಸರದಿಂದ ಬರೆದ: ಯಾರನ್ನಾದರೂ ಕೊಲ್ಲುವ ಮುಂಚೆ ಕೆಲವರನ್ನಾದರೂ ನಮ್ಮ ಧರ್ಮಕ್ಕೆ ತಂದಿದ್ದರೆ ಎಷ್ಟು ಚೆನ್ನಾಗಿತ್ತು.

ಕಾರಿನೊಳಗೆ ಕುಳಿತು ಇಷ್ಟನ್ನೂ ಅವ್ವನಿಗೆ ಹೇಳಿದೆ. ಗಾಜಿನ ಮೇಲೆ ನೀರು ಇಳಿಯುತ್ತಿತ್ತು.

"ಆಗ ಆ ಹುಡುಗಿ ಹುಟ್ಟಿದ್ದಳೇ?"

"ಇಲ್ಲ."

"ಆ ರಕ್ತದ ಬಟ್ಟೆಯ ವಿಷಯ ಅವಳಿಗೆ ಯಾರಾದರೂ ಹೇಳಿರುತ್ತಾರೆಯೇ?"

ನಾನು ಸುಮ್ಮನಿದ್ದೆ. ಗಂಡ ಕಾರು ಚಾಲೂ ಮಾಡಿದ. ಹೆದ್ದಾರಿ ಸೇರುವ ಹೊತ್ತಿಗೆ ಅವ್ವ ಮೂರು ದಿನವೂ ಮುಟ್ಟದಿದ್ದ ಮೊಮ್ಮಗಳ ಕಸೂತಿ ತುಂಡನ್ನು ಚೀಲದಿಂದ ತೆಗೆದು, ಒಳದೀಪ ಹಚ್ಚಿಸಿ, ತಿರುಗಿಸಿ ಹಿಂಬದಿಯನ್ನು ಕಣ್ಣಿಗೆ ಹತ್ತಿರ ಹಿಡಿದಳು. ಓಡುವ ಗಾಡಿಯಲ್ಲಿ ಸೂಜಿ ಬೇಡ ಎಂದ ಗಂಡ.

"ಹಾಕುತ್ತಿಲ್ಲ. ಗೋಪುರದ ಹತ್ತಿರ ಒಂದು ಎಳೆ ತಪ್ಪಿದೆ, ಬಿಚ್ಚುತ್ತಿದ್ದೇನೆ," ಎಂದಳು. ಬಾಸ್ಟನ್ನಿನ ವಾಹನದಟ್ಟಣೆಯಲ್ಲಿ ನಾವು ತೆವಳುತ್ತಿದ್ದ ಒಂದೂವರೆ ಗಂಟೆಯೂ ಬಿಚ್ಚುತ್ತಲೇ ಇದ್ದಳು.